ಕೋಳಿ ಹೊಲಿದ ಭಾವ

ಭಾವ ಅಡುಗೆ ಮಾಡುತ್ತಾರಂತೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ಬೇಕರಿಯಲ್ಲಿ ಓವನ್ನಿನ ಮುಂದೆ ಬ್ರೆಡ್ಡಿನ ಟ್ರೇ ಹಿಡಿದು ನಿಂತಿದ್ದೆ. ಟ್ರೇ ಕೈಜಾರಿ ಬೀಳಲಿಲ್ಲ ಎಂಬುದೇ ನನ್ನ ಪುಣ್ಯ.

"ಯಾರು, ನಿನ್ನ ಗಂಡನಾ? ಅಡುಗೆನಾ? ಮೈ ಹುಷಾರಿದೆ ತಾನೇ ಅವರಿಗೆ?"

"ತಮಾಷೆ ಸಾಕು. ಭಾನುವಾರ ರಾತ್ರಿ ಊಟಕ್ಕೆ ಇವರ ಅಂಗಡಿ ಯಜಮಾನ್ರು ಬರ್ತಿದ್ದಾರೆ. ನಂಗೆ ಸಂಜೆವರೆಗೂ ಡ್ಯೂಟಿ. ಇವರು ಕೋಳಿ ಎದೆಯೊಳಗೆ ಏನೇನೋ ತುಂಬಿ ಮಾಡ್ತೀನಿ ಅಂತ ಮಾತು ಕೊಟ್ಟು ಬಂದಿದ್ದಾರೆ. ನೀನು ಬಂದು ಜೊತೆಗಿರು. ಮನೆ ಉಳಿದ್ರೆ ಸಾಕು."

ಮದುವೆಯಾಗಿ ಇಷ್ಟು ವರ್ಷವಾದರೂ ಸಕ್ಕರೆ ಡಬ್ಬಿ ಯಾವ ಗೂಡಿನಲ್ಲಿದೆ ಎಂದು ಗೊತ್ತಿಲ್ಲದ ಮನುಷ್ಯ ಆತ. ಚಹಾ ಬೇಕೆಂದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮುತ್ತಾರೆ. ಒಳಗೆ ಕಾಲಿಡುವುದಿಲ್ಲ. ಅಂಥವರು ಕೋಳಿಗೆ ಕೈಹಾಕುತ್ತಾರೆಂದರೆ ನನಗೆ ಹೇಗಾಗಿರಬೇಡ!

ಭಾವ ದರ್ಜಿ. ಹಾಗೆಂದು ಸುಮ್ಮನೆ ದರ್ಜಿ ಎಂದುಬಿಟ್ಟರೆ ಅವರಿಗೆ ಸರಿಹೋಗದು. ಕೋಟಿನ ದರ್ಜಿ ಎನ್ನಬೇಕು. ಬೀದಿಯವರು ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡು ಕೋಟಣ್ಣ ಎಂದೇ ಕರೆಯುತ್ತಾರೆ. ಅಕ್ಕನನ್ನು ನೋಡಲು ಮೊದಲ ಸಲ ನಮ್ಮ ಮನೆಗೆ ಬಂದಾಗ ಅಕ್ಕನ ಮುಖ ನೋಡುವುದು ಬಿಟ್ಟು ನನ್ನ ಕಡೆ ತಿರುಗಿ, "ಈ ಹುಡುಗಿ ಎಡಭುಜ ಅರ್ಧ ಬೆರಳು ಇಳಿದಿದೆ" ಎಂದಿದ್ದರು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಇವತ್ತಿಗೂ ಕನ್ನಡಿ ಮುಂದೆ ನಿಂತರೆ ಎಡಭುಜವನ್ನು ಎತ್ತಿ ಹಿಡಿಯುತ್ತೇನೆ. ಯಾರ ಮನೆಯಲ್ಲಿ ಏನು ಹರಿದರೂ ಅವರ ಕೈ ತುರಿಸುತ್ತದೆ. ಕೊಡೆ, ದಿಂಬು, ಫುಟ್ಬಾಲು, ಪಕ್ಕದ ಮನೆಯವರ ಸೋಫಾ, ಕೊನೆಗೆ ನಮ್ಮ ಬೇಕರಿಯ ಮೈದಾ ಚೀಲ, ಎಲ್ಲವನ್ನೂ ಹೊಲಿದಿದ್ದಾರೆ. ಹೊಲಿಯುವಾಗ ಬಾಯಿ ಮುಚ್ಚುವುದಿಲ್ಲ. ಎದುರಿಗಿದ್ದವರ ಮುಖ ನೋಡಿಕೊಂಡು ಹರಟುತ್ತಲೇ ಹೊಲಿಯುತ್ತಾರೆ. "ಸೂಜಿ ನೋಡ್ಕೊಂಡು ಹೊಲಿಯೋನು ಇನ್ನೂ ಕಲೀತಿರೋನು. ಬೆರಳಿಗೆ ಕಣ್ಣಿರಬೇಕು" ಎನ್ನುವುದು ಅವರ ಬಡಾಯಿ. ಬಡಾಯಿಯಾದರೂ ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ.

ಅವರು ಮೀಸೆ ಮೂಡುವ ವಯಸ್ಸಿನಿಂದ ಒಂದೇ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಮಿಷನ್ ಕೆಲಸವೆಲ್ಲ ಅಂಗಡಿಯಲ್ಲಿ. ಕೊರಳಪಟ್ಟಿ, ಒಳಅಂಚು, ಗುಂಡಿಯ ಕಾಜಾ ಇವುಗಳ ಕೈಹೊಲಿಗೆ ಮಾತ್ರ ಮನೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ. ಆ ಕೈಹೊಲಿಗೆಗೇ ಅಂಗಡಿಗೆ ಹೆಸರು. ಈಗ ಅಂಗಡಿಯ ಯಜಮಾನರಿಗೆ ವಯಸ್ಸಾಗಿದೆ, ಮಗಳ ಮನೆಗೆ ಹೋಗಿ ಇದ್ದುಬಿಡುತ್ತಾರಂತೆ. ಅಂಗಡಿಯನ್ನು ಭಾವನಿಗೆ ಒಪ್ಪಿಸಬೇಕು, ಇಲ್ಲವೇ ಪಕ್ಕದ ರೆಡಿಮೇಡ್ ಅಂಗಡಿಯವರಿಗೆ ಬಿಟ್ಟುಕೊಡಬೇಕು. ಅವರೋ ನಡುವಿನ ಗೋಡೆ ಒಡೆಯಲು ತುದಿಗಾಲಲ್ಲಿ ನಿಂತಿದ್ದಾರೆ. "ಹಾಗೇನಾದ್ರೂ ಆದ್ರೆ ನಾನು ಅಲ್ಲೇ ಒಂದು ಮೂಲೇಲಿ ಕೂತು ಬಂದೋರ ಪ್ಯಾಂಟಿನ ಕಾಲು ಮೋಟು ಮಾಡ್ಕೊಂಡಿರಬೇಕು" ಎಂದು ಭಾವ ನಗುತ್ತಾ ಹೇಳಿದ್ದರು. ಆ ನಗು ನನಗೆ ಸರಿಕಂಡಿರಲಿಲ್ಲ. ಯಜಮಾನರು ತಮ್ಮ ನಿರ್ಧಾರವನ್ನು ಭಾನುವಾರ ಊಟದ ಹೊತ್ತಿಗೆ ಹೇಳುತ್ತೇನೆ ಎಂದಿದ್ದರಂತೆ.

ಈ ಕೋಳಿಯ ಹುಚ್ಚು ಹತ್ತಿದ್ದೂ ಅವರಿಂದಲೇ. ಹರೆಯದಲ್ಲಿ ಎಲ್ಲೋ ತಿಂದಿದ್ದ, ಒಳಗೆ ಹೂರಣ ತುಂಬಿದ ಕೋಳಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ ಎಂದು ಅವರು ಹಲುಬಿದರಂತೆ. ನಮ್ಮ ಭಾವ ಸುಮ್ಮನಿರಬೇಕಲ್ಲ! "ಅದೇನು ಮಹಾ! ಜೇಬು ಕತ್ತರಿಸಿ, ತುಂಬಿ, ಹೊಲಿಯೋದು ತಾನೇ. ಅದು ದರ್ಜಿ ಕೆಲಸ. ಬನ್ನಿ, ನಮ್ಮನೇಲಿ ನಾನೇ ಮಾಡಿ ಹಾಕ್ತೀನಿ" ಎಂದು ಎದೆ ತಟ್ಟಿಕೊಂಡು ಬಂದರು.

ಭಾನುವಾರ ಮಧ್ಯಾಹ್ನ ಮೂಳೆ ಬಿಡಿಸಿದ ನಾಲ್ಕು ಕೋಳಿ ಎದೆ, ಅಣಬೆ, ಪಾಲಕ್ ಸೊಪ್ಪು, ಚೀಸು ಎಲ್ಲ ಹೊತ್ತುಕೊಂಡು ಮೂರು ಮಹಡಿ ಹತ್ತಿ ಹೋದೆ. ಬಾಗಿಲು ತೆಗೆದವರನ್ನು ನೋಡಿ ಬಾಯಿ ತೆರೆದವಳು ಮುಚ್ಚಲಿಲ್ಲ. ಭಾವ ಮೇಲಂಗಿಯೊಂದನ್ನು ಸ್ವಂತಕ್ಕೆ ಹೊಲಿದುಕೊಂಡು ತೊಟ್ಟಿದ್ದರು. ಅಡುಗೆಗೆ ತೊಡುವ ಬಟ್ಟೆಗೆ ಒಳಪದರ, ಕೊರಳಪಟ್ಟಿ, ಎದೆಯ ಮೇಲೆ ಜೇಬು ಬೇರೆ!

"ಇದೇನು ಭಾವ, ಕೋಳಿಗೆ ಕೋಟು ತೊಡಿಸ್ತೀರೋ, ಕೋಟು ತೊಟ್ಟು ಕೋಳಿ ಮಾಡ್ತೀರೋ?"

"ಬಾಯಿಜೋರು ಆಮೇಲೆ. ಮೊದಲು ಬಟ್ಟೆ ತೋರಿಸು" ಎಂದರು. ಕೋಳಿಗೆ ಬಟ್ಟೆ ಎನ್ನುತ್ತಿದ್ದರು!

ಅಡುಗೆಮನೆ ಎಂದರೆ ಇಬ್ಬರು ನಿಂತರೆ ಮೂರನೆಯವರು ಉಸಿರು ಹಿಡಿಯಬೇಕು. ಅಷ್ಟೇ ಜಾಗ. ಒಂದು ಕಡೆ ಒಲೆ, ಅದರ ಪಕ್ಕ ನಮ್ಮ ಬೇಕರಿಯಿಂದ ನಾನೇ ತಂದುಕೊಟ್ಟಿದ್ದ ಹಳೆಯ ಸಣ್ಣ ಓವನ್, ಇನ್ನೊಂದು ಕಡೆ ನಲ್ಲಿ. ಭಾವ ಕೋಳಿಯ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಎಳೆ ಯಾವ ಕಡೆ ಓಡಿದೆ ಎಂದು ನೋಡಿದರು. ನಾನು ಪ್ಲಾಸ್ಟಿಕ್ ಹಾಳೆಯ ಕೆಳಗಿಟ್ಟು ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿಕೊಟ್ಟೆ. ದಪ್ಪವಿದ್ದ ಕಡೆ ಚಾಕು ತೂರಿಸಿ, ಬೆನ್ನು ಹರಿಯದಂತೆ ಒಳಗೇ ಬಿಡಿಸಿ ಜೇಬು ಮಾಡಿದರು ನೋಡಿ, ನಾನು ದಂಗಾದೆ. ಚಾಕು ಹಿಡಿದದ್ದೇ ಮೊದಲ ಸಲ ಎಂದು ಯಾರೂ ನಂಬುವಂತಿರಲಿಲ್ಲ.

ಬಾಣಲೆಯಲ್ಲಿ ಬೆಣ್ಣೆ ಕರಗಿಸಿ ಈರುಳ್ಳಿ, ಬೆಳ್ಳುಳ್ಳಿ, ಸಣ್ಣಗೆ ಕೊಚ್ಚಿದ ಅಣಬೆ ಹುರಿದೆ. ಪಾಲಕ್ ಹಾಕಿ ಬಾಡಿಸಿದೆ. "ಸೊಪ್ಪು ಆರಿದ ಮೇಲೆ ಹಿಂಡಿ ನೀರು ತೆಗೀಬೇಕು, ಇಲ್ಲಾಂದ್ರೆ ಕೋಳಿ ಒಳಗೆಲ್ಲ ಪಿಚಿಪಿಚಿ" ಎಂದು ಹೇಳಿ ಚೀಸು ತುರಿಯಲು ತಿರುಗಿದ್ದೆ. ಮತ್ತೆ ನೋಡಿದರೆ ಭಾವ ಹೊಗೆಯಾಡುತ್ತಿದ್ದ ಸೊಪ್ಪನ್ನು ಬಾಣಲೆಯಿಂದ ಬರಿಗೈಯಲ್ಲಿ ಬಾಚಿ ಎರಡೂ ಅಂಗೈ ನಡುವೆ ಹಿಂಡುತ್ತಿದ್ದಾರೆ!

"ಅಯ್ಯೋ, ಬಿಸಿ! ಬಿಡಿ, ಬಿಡಿ ಭಾವ!"

"ಇಸ್ತ್ರಿಪೆಟ್ಟಿಗೆ ಜೊತೆ ಸಂಸಾರ ಮಾಡಿದ ಕೈ ಕಣೇ ಇದು. ಇಷ್ಟಕ್ಕೆಲ್ಲ ಹೆದರತ್ತಾ?" ಎಂದು ಆರಾಮವಾಗಿ ನೀರು ಹಿಂಡಿ ಉಂಡೆಯನ್ನು ಬಟ್ಟಲಿಗೆ ಹಾಕಿದರು. ನಾನು ಓವನ್ನಿನ ಮುಂದೆ ಇಷ್ಟು ವರ್ಷ ಬೆಂದವಳು, ನನಗೇ ಆ ಸೊಪ್ಪನ್ನು ಮುಟ್ಟಲು ಆಗುತ್ತಿರಲಿಲ್ಲ. ಆದರೂ ಭಾವನ ಗಟ್ಟಿತನ ನೋಡಿ ಹೆಮ್ಮೆಯೇ ಆಯಿತು. ನಗುತ್ತಾ ಸೊಪ್ಪಿಗೆ ಚೀಸು, ಬ್ರೆಡ್ ಪುಡಿ, ಉಪ್ಪು, ಕಾಳುಮೆಣಸು ಬೆರೆಸಿದೆ. ಎಂಥ ಪೆದ್ದಿ ನಾನು!

ತುಂಡುಗಳಿಗೆ ಹೂರಣ ತುಂಬಿ, ಬಾಯಿ ಮುಚ್ಚಲು ಹಲ್ಲುಕಡ್ಡಿಯ ಡಬ್ಬಿ ತೆಗೆದೆ. ಭಾವನ ಮುಖ ನೋಡಬೇಕಿತ್ತು.

"ಏನದು?"

"ಹಲ್ಲುಕಡ್ಡಿ. ಚುಚ್ಚಿ ಮುಚ್ಚೋಕೆ. ಎಲ್ಲರೂ ಹಾಗೇ ಮಾಡೋದು."

"ಎಲ್ಲರೂ ಮಾಡ್ಲಿ. ಕೋಟಣ್ಣನ ಮನೆ ಕೋಳಿಗೆ ಕಡ್ಡಿ ಚುಚ್ಚಿದ್ರು ಅಂತ ನಾಳೆ ಯಜಮಾನ್ರು ಊರೆಲ್ಲ ಸಾರ್ತಾರೆ. ತೆಗೆದಿಡು ಅತ್ಲಾಗೆ."

"ಎಳೆದ್ರೆ ಬರೋ ಹಾಗೆ ಉದ್ದ ಹೊಲಿಗೆ ಹಾಕಿ, ಹತ್ತಿ ದಾರಾನೇ ಹಾಕಿ, ಬೇರೆ ದಾರ ಬಿಸಿಗೆ ಕರಗತ್ತೆ" ಎಂದು ಬಡಿದುಕೊಂಡೆ. "ನಂಗೆ ದಾರದ ಪಾಠ ಹೇಳ್ತೀಯಾ?" ಎಂದು ಬಿಳಿ ಹತ್ತಿ ದಾರ ಪೋಣಿಸಿಕೊಂಡು ಕೂತರು. ಕೂತದ್ದೇ ತಡ, ಮಾತು ಶುರು. ಕೋಟಿನ ಅಳತೆ ಕೊಟ್ಟು ಹೋದ ಒಬ್ಬ ಆಸಾಮಿ ಆರು ತಿಂಗಳು ಬಿಟ್ಟು ಬಂದು ತೊಟ್ಟು ನೋಡಿದನಂತೆ. ಗುಂಡಿ ಕೂಡಲಿಲ್ಲವಂತೆ. "ಬಟ್ಟೆ ಕುಗ್ಗಿದೆ ಅಂತಾನೆ ಕಣೇ! ಹೊಟ್ಟೆ ಹಿಗ್ಗಿದ್ದು ಬಿಟ್ಟು!" ಎಂದು ಹೇಳಿ ತಾವೇ ಕುಲುಕುಲು ನಕ್ಕರು. ನಾನೂ ಬಿದ್ದು ಬಿದ್ದು ನಕ್ಕೆ. ಅವರ ಕಣ್ಣು ನನ್ನ ಮುಖದ ಮೇಲಿತ್ತು. ಕೈ ತನ್ನ ಪಾಡಿಗೆ ಹೋಗಿ ಬರುತ್ತಿತ್ತು. ಒಂದಾಯಿತು, ಎರಡಾಯಿತು, ಮೂರನೆಯದು ಮುಗಿಸಿ ಗಂಟು ಹಾಕಿ, ದಾರ ಕತ್ತರಿಸಿ, ತುಂಡನ್ನು ತಟ್ಟೆಗೆ ಇಡಲು ಹೋದರು.

ತುಂಡು ಕೈ ಬಿಡಲಿಲ್ಲ.

ಭಾವ ಕೈ ಒದರಿದರು. "ನೋಡೇ, ಈ ಕೋಳಿಗೆ ನನ್ನ ಮೇಲೆ ಮನಸ್ಸಾಗಿದೆ, ಬಿಡ್ತಾನೇ ಇಲ್ಲ" ಎಂದು ಇನ್ನೂ ನಗುತ್ತಲೇ ಇದ್ದರು. ನಾನು ಬಗ್ಗಿ ನೋಡಿದೆ. ಎಡಗೈಯ ತೋರುಬೆರಳ ತುದಿಯನ್ನೂ ಕೋಳಿಯ ಮಾಂಸವನ್ನೂ ಸೇರಿಸಿ ಹೊಲಿದುಬಿಟ್ಟಿದ್ದರು. ಒಂದು ಸಲ ಚುಚ್ಚಿ ಬಿಟ್ಟಿದ್ದಲ್ಲ. ದಾರ ಚರ್ಮದೊಳಗೆ ಹೋಗಿ, ಮಾಂಸದೊಳಗಿಂದ ಬಂದು, ಮತ್ತೆ ಚರ್ಮಕ್ಕೆ ಹೋಗಿತ್ತು. ರಕ್ತ ಮಣಿಕಟ್ಟಿನವರೆಗೆ ಇಳಿದು ಆ ಚಂದದ ಮೇಲಂಗಿಯ ತೋಳಿಗೆ ತಾಗಿತ್ತು.

ನಾನು ಕಿರುಚಿದ್ದು ಕೆಳಗಿನ ಮಹಡಿಗೂ ಕೇಳಿಸಿರಬೇಕು.

"ಏನೇ? ಏನಾಯ್ತು? ಜಿರಳೆನಾ?" ಎಂದು ಭಾವ ಸುತ್ತ ನೋಡಿದರು.

ದೇವರೇ! ಅವರಿಗೆ ಗೊತ್ತೇ ಆಗಿರಲಿಲ್ಲ. ನನ್ನ ಬೆರಳಿಗೆ ಹಾಗೆ ಆಗಿದ್ದರೆ ಮೊದಲ ಚುಚ್ಚಿಗೇ ಛಾವಣಿ ಮುಟ್ಟುತ್ತಿದ್ದೆ. ಈ ಮನುಷ್ಯ ಹೊಟ್ಟೆ ಹಿಗ್ಗಿದವನ ಕಥೆ ಹೇಳುತ್ತಾ ತನ್ನನ್ನೇ ಹೊಲಿದುಕೊಂಡಿದ್ದಾರೆ! ಅವರ ಬೆರಳು ತೋರಿಸಿದೆ. ಭಾವ ಬಗ್ಗಿ ತಮ್ಮ ಕೈಯನ್ನು ಬೇರೆ ಯಾರದೋ ಕೈ ನೋಡುವಂತೆ ನೋಡಿದರು. ನಗು ಹಾಗೇ ನಿಂತುಹೋಯಿತು.

ಕತ್ತರಿಯಿಂದ ದಾರ ತುಂಡರಿಸಿ ಎಳೆದು ತೆಗೆದೆ. ಅವರು ಹುಬ್ಬು ಸಹ ಅಲುಗಿಸಲಿಲ್ಲ. ಸೋಪು ಹಾಕಿ ನಲ್ಲಿಯ ಕೆಳಗೆ ತೊಳೆದೆ, ಔಷಧಿ ಹಚ್ಚಿದೆ, ಪಟ್ಟಿ ಕಟ್ಟಿದೆ. ಬೆಳಕಿಗೆ ಹಿಡಿದು ನೋಡಿದರೆ ಆ ಕೈಯಲ್ಲಿ ಏನುಂಟು ಏನಿಲ್ಲ! ಬೆರಳ ತುದಿಗಳೆಲ್ಲ ಹಳೆಯ ಚುಚ್ಚುಗಾಯ. ಅಂಗೈಯಲ್ಲಿ ಇಸ್ತ್ರಿಯ ಅಂಚು ತಾಗಿದ ಗೆರೆ, ಅದರ ಮೇಲೆ ಇನ್ನೊಂದು ಗೆರೆ. ಈಗಷ್ಟೇ ಸೊಪ್ಪು ಹಿಂಡಿದ ಜಾಗ ಕೆಂಪಗೆ ಉಬ್ಬಿತ್ತು. ನನಗೆ ಕೋಪ ಮೊದಲು, ಅಳು ಆಮೇಲೆ. ಕೋಪ ಬಂತು.

"ಯಾವಾಗಿಂದ ಇದು? ಬಾಯಿಬಿಡಿ!"

"ಹೋದ ಚಳಿಗಾಲದಿಂದ" ಎಂದರು ಮೆಲ್ಲಗೆ. "ಮೊದಲು ಕಾಲ್ಬೆರಳು. ಆಮೇಲೆ ಕೈ. ದಪ್ಪ ಕೈಗವಸು ತೊಟ್ಟ ಹಾಗಿರತ್ತೆ, ತೆಗೆಯೋಕಾಗಲ್ಲ ಅಷ್ಟೇ."

"ಸಕ್ಕರೆ ಕಾಯಿಲೆ ಇದೆ, ಸಿಹಿ ತಿನ್ನಬೇಡಿ ಅಂತ ಡಾಕ್ಟ್ರು ಹೇಳಿದ್ದು ನೆನಪಿದೆಯಾ? ನಮ್ಮ ಬೇಕರಿ ಬಿಸ್ಕತ್ತು ಕದ್ದು ತಿಂತಿದ್ದಿದ್ದು ನೆನಪಿದೆಯಾ? ಬೆರಳು ಮರಗಟ್ಟಿದ ದಿನಾನೇ ಡಾಕ್ಟ್ರ ಹತ್ರ ಹೋಗೋಕೆ ಏನಾಗಿತ್ತು ರೋಗ?"

"ರೋಗವೇ ಆಗಿತ್ತು" ಎಂದರು. ಅಂಥ ಹೊತ್ತಿನಲ್ಲೂ ತಮಾಷೆ! ಆಮೇಲೆ ಎದ್ದು ಕಿಟಕಿಯ ಪಕ್ಕದ ಮೇಜಿನಿಂದ ಅರ್ಧ ಮುಗಿದ ಕೋಟೊಂದನ್ನು ತಂದು ಒಳಅಂಚು ಮಗುಚಿ ನನ್ನ ಕಣ್ಣ ಮುಂದೆ ಹಿಡಿದರು. "ಒಂದು ವಿಚಿತ್ರ ನೋಡು. ನಿನ್ನೆ ಸಂಜೆ ಹೊಲಿದಿದ್ದು ಇದು. ಹೊಲೀವಾಗ ಬೆರಳಿಗೆ ಏನೂ ಗೊತ್ತಾಗ್ಲಿಲ್ಲ, ಸತ್ಯವಾಗ್ಲೂ. ಕೆಟ್ಟಿದೆ ಅಂತಲೇ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಹೀಗಿದೆ! ಎಷ್ಟೋ ತಿಂಗಳಿಂದ ಹೀಗೇ ಆಗ್ತಿದೆ. ಬೆರಳು ಮರೆತ್ರೂ ಕೈ ಮರೆತಿಲ್ಲ ಕಣೇ. ಅದೊಂದು ಇದೆ ಅಂತ ಧೈರ್ಯವಾಗಿದ್ದೀನಿ."

ಹೊಲಿಗೆ ನಿಜಕ್ಕೂ ಸಾಸಿವೆಯಷ್ಟು ಸಣ್ಣದಾಗಿ, ಒಂದೇ ಸಮನೆ ಸಾಗಿತ್ತು. ತಟ್ಟೆಯಲ್ಲಿದ್ದ ಕೋಳಿ ನೋಡಿದೆ. ಮೊದಲೆರಡು ತುಂಡುಗಳ ಹೊಲಿಗೆ ಅಡ್ಡಾದಿಡ್ಡಿ ಹೋಗಿ ಹೂರಣ ಹೊರಗೆ ಇಣುಕುತ್ತಿತ್ತು. ಎರಡೂ ಒಂದೇ ಕೈಯದೆಂದರೆ ಹೇಗೆ ನಂಬುವುದು? ಉಣ್ಣೆ ಬೇರೆ, ಮಾಂಸ ಬೇರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭಾವನ ಮುಖದಲ್ಲಿದ್ದ ಆಸೆ ನೋಡಿ ಬೇರೇನೂ ಕೇಳಲು ಮನಸ್ಸಾಗಲಿಲ್ಲ.

"ಇವತ್ತೊಂದು ಸಂಜೆ ಬಾಯಿಗೆ ಬೀಗ ಹಾಕ್ಕೋ, ನಿನ್ನ ದಮ್ಮಯ್ಯ. ಯಜಮಾನ್ರಿಗೆ ಗೊತ್ತಾದ್ರೆ ಅಂಗಡಿ ಗೋಡೆ ನಾಳೇನೇ ಒಡೀತಾರೆ. ನಿಮ್ಮಕ್ಕಂಗೆ ಗೊತ್ತಾದ್ರೆ ಎದೆ ಒಡ್ಕೊಳ್ತಾಳೆ. ಅಂಗಡಿ ಕೈಗೆ ಬಂದ ಮಾರನೇ ದಿನ ಡಾಕ್ಟ್ರ ಹತ್ರ ಹೋಗ್ತೀನಿ. ನಿನ್ನಾಣೆ."

"ನನ್ನ ಮೇಲ್ಯಾಕೆ ಆಣೆ? ನಿಮ್ಮ ಮೇಲೆ ಇಟ್ಕೊಳ್ಳಿ!" ಎಂದು ರೇಗಿದೆ. ಆದರೆ ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ?

ರಕ್ತ ತಾಗಿದ ತುಂಡನ್ನು ಹೂರಣ ಸಮೇತ ಕಸಕ್ಕೆ ಹಾಕಿದೆ. ಹಲಗೆ, ತಟ್ಟೆ, ಸೂಜಿ ಎಲ್ಲ ಬಿಸಿನೀರಲ್ಲಿ ಉಜ್ಜಿ ತೊಳೆದೆ. ಮೊದಲೆರಡನ್ನು ಬಿಚ್ಚಿ, ತಿರುಗಿಸಿ ಮುರುಗಿಸಿ ನೋಡಿ, ಅವನ್ನೂ ಉಳಿದಿದ್ದ ಒಂದನ್ನೂ ನಾನೇ ಹೊಲಿದೆ. ಜೀವಮಾನದಲ್ಲಿ ಗುಂಡಿಯೊಂದನ್ನು ಬಿಟ್ಟು ಏನೂ ಹೊಲಿದವಳಲ್ಲ ನಾನು. ಗೋಣಿಚೀಲದ ಬಾಯಿ ಕಟ್ಟಿದ ಹಾಗಾಯಿತು. ಭಾವ ಎದುರಿಗೆ ಕೂತು, "ಅಯ್ಯೋ... ಅಯ್ಯಯ್ಯೋ..." ಎನ್ನುತ್ತಿದ್ದರು. ಅವರಿಗೆ ನೋವಾದದ್ದು ಬಹುಶಃ ಅಲ್ಲಿ ಮಾತ್ರ.

ಕಾದ ಬಾಣಲೆಯಲ್ಲಿ ಬೆಣ್ಣೆ ಹಾಕಿ ಮೂರನ್ನೂ ಎರಡೂ ಮಗ್ಗುಲು ಹೊಂಬಣ್ಣಕ್ಕೆ ತಿರುಗಿಸಿ, ಆಮೇಲೆ ಓವನ್ನಿಗೆ ತಳ್ಳಿದೆ. ದಪ್ಪವಿದ್ದ ಕಡೆ ಚುಚ್ಚಿದಾಗ ತಿಳಿನೀರು ಬರುವವರೆಗೆ ಬಿಟ್ಟೆ. ಮನೆಯೆಲ್ಲ ಬೆಣ್ಣೆ ಬೆಳ್ಳುಳ್ಳಿಯ ಘಮ ತುಂಬಿತು. ಬೇರೆ ದಿನವಾಗಿದ್ದರೆ ನಾನು ಕುಣಿಯುತ್ತಿದ್ದೆ.

ಅಷ್ಟರಲ್ಲಿ ಅಕ್ಕ ಬಂದಳು. ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಬೆಳಗಿನಿಂದ ಜನರ ಜೊತೆ ಗುದ್ದಾಡಿ ಸುಸ್ತಾಗಿದ್ದಳು. ಗಂಡನ ಬೆರಳ ಪಟ್ಟಿಯ ಮೇಲೆ ಅವಳ ಕಣ್ಣು ಬಿತ್ತು. "ಚಾಕು ತಾಗಿತು" ಎಂದರು ಭಾವ. ಅಕ್ಕ ನನ್ನನ್ನು ನೋಡಿದಳು. "ಹ್ಞೂಂ, ಚಾಕು" ಎಂದೆ. ಇನ್ನು ಮಂಗಳಾರತಿ ಶುರುವಾಗುತ್ತದೆ ಎಂದು ತಲೆ ತಗ್ಗಿಸಿಕೊಂಡೆ. ಅಕ್ಕ ಒಂದು ಮಾತೂ ಕೇಳಲಿಲ್ಲ. ಮುಖ ತೊಳೆಯಲು ಹೋದಳು. ಗಂಡನಿಗೆ ಸೊಳ್ಳೆ ಕಚ್ಚಿದರೂ ಮನೆ ತಲೆಕೆಳಗು ಮಾಡುವ ನನ್ನ ಅಕ್ಕ!

ಯಜಮಾನರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಸಣಕಲು ಮನುಷ್ಯ, ಆ ಸೆಕೆಯಲ್ಲೂ ಕೋಟು ಬಿಚ್ಚಲಿಲ್ಲ. ಮೂವರಿಗೂ ಒಂದೊಂದು ತುಂಡು ಬಡಿಸಿ, ಉಳಿದ ಬ್ರೆಡ್ಡುಗಳನ್ನು ಬಿಸಿಯಾಗಲು ಓವನ್ನಿಗಿಟ್ಟು, ನನಗೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಬರೀ ಬ್ರೆಡ್ಡು ಮುರಿಯುತ್ತಾ ಕೂತೆ. ಯಜಮಾನರು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಭಾವ ಉಸಿರು ಬಿಡಲಿಲ್ಲ.

"ಅದೇ ರುಚಿ" ಎಂದರು ಯಜಮಾನರು. "ಅದಕ್ಕಿಂತ ಒಂದು ಕೈ ಮೇಲೇನೇ."

ನನಗೆ ಹೋದ ಜೀವ ಬಂದ ಹಾಗಾಯಿತು. ಆಗ ಅವರು ಫೋರ್ಕಿನ ತುದಿಯಿಂದ ತುಂಡನ್ನು ಹೊರಳಿಸಿ ದಾರ ಎಳೆದು ಹಿಡಿದು, ಕನ್ನಡಕ ಸರಿಮಾಡಿಕೊಂಡು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದ್ಯಾರಪ್ಪ ಹೊಲಿದೋರು?"

"ನಾನು" ಎಂದೆ. ಮುಖ ಕೆಂಪಾಗಿರಬೇಕು.

"ಹಾಗೇ ಅಂದ್ಕೊಂಡೆ. ಅಲ್ಲಯ್ಯಾ, ಈ ಮನೇಲಿ ಚಿನ್ನದಂಥ ಕೈ ಎರಡಿವೆ. ಆದ್ರೂ ಪಾಪ, ಕೋಳಿಗೆ ಈ ಗತೀನಾ?"

ಭಾವ ನಗುತ್ತಲೇ, "ಎರಡಾ? ಎರಡೆಲ್ಲಿ ಬಂತು ಯಜಮಾನ್ರೇ?" ಎಂದರು.

"ನಂಗೆ ವಯಸ್ಸಾಗಿದೆ, ಕಣ್ಣು ಹೋಗಿಲ್ಲ" ಎಂದು ಯಜಮಾನರು ಅಕ್ಕನ ಕಡೆ ತೋರಿಸಿದರು. ಅಕ್ಕ ಚಾಕುವನ್ನು ಎಡಗೈಯಲ್ಲಿ ಹಿಡಿದು ಕೋಳಿ ಕತ್ತರಿಸುತ್ತಿದ್ದಳು. ಅವಳು ಹುಟ್ಟಾ ಎಡಚಿ. "ಹೋದ ಚಳಿಗಾಲದಿಂದ ನೀನು ಮನೆಯಿಂದ ತರ್ತಿರೋ ಕೋಟಿನ ಅಂಚೆಲ್ಲ ಎಡಗೈಯವರ ಹೊಲಿಗೆ. ವಾಲೋ ದಿಕ್ಕೇ ಬೇರೆ. ಮೊದಲ ಕೋಟಿಗೇ ಗೊತ್ತಾಯ್ತು. ಹೆಂಡ್ತಿಗೆ ಕೆಲಸ ಕಲಿಸಿ ತಯಾರು ಮಾಡ್ತಿದ್ದಾನೆ, ಬುದ್ಧಿವಂತ ಅಂತ ಸಂತೋಷಪಟ್ಟೆ. ಒಬ್ಬನ ಕೈಯಾಗಿದ್ರೆ ನಾನು ಇನ್ನೂ ಯೋಚನೆ ಮಾಡ್ತಿದ್ದೆ. ಎರಡು ಕೈ ಇದ್ಮೇಲೆ ಏನು ಚಿಂತೆ? ಅಂಗಡಿ ನಿಮ್ಮಿಬ್ಬರದು. ನಾಳೆ ಬಂದು ಬೀಗದ ಕೈ ತಗೊಳ್ಳಿ."

ಅಂಗಡಿ ಸಿಕ್ಕಿತು. ಇಷ್ಟು ವರ್ಷ ಕಾದದ್ದು ಕೈಗೆ ಬಂತು. ನಾನು ಕುರ್ಚಿಯಿಂದ ಎದ್ದು ಕೂಗಬೇಕಿತ್ತು. ಬ್ರೆಡ್ಡು ಕೆಳಗಿಟ್ಟು ಅಕ್ಕನ ಕಡೆ ನೋಡಿದೆ. ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. ಎಡಗೈಯಲ್ಲಿದ್ದ ಚಾಕುವನ್ನು ಮೆಲ್ಲಗೆ ಕೆಳಗಿಟ್ಟು ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಹಾಗಾದರೆ ಇವಳು ಬೆಳಗಿನ ಜಾವ ಎದ್ದು, ಗಂಡ ಏಳುವುದರೊಳಗೆ ಅವರ ಹೊಲಿಗೆ ಬಿಚ್ಚಿ, ಮತ್ತೆ ಹೊಲಿದಿಟ್ಟು, ಡ್ಯೂಟಿಗೆ ಹೋಗುತ್ತಿದ್ದಳು! ಚಳಿಗಾಲದಿಂದ! ಇಷ್ಟು ವರ್ಷ ಗಂಡನ ಪಕ್ಕ ಕೂತು ನೋಡಿ ನೋಡಿಯೇ ಕಲಿತಿರಬೇಕು. ನನಗೆ, ಒಡಹುಟ್ಟಿದವಳಿಗೆ, ಒಂದು ಸುಳಿವೂ ಕೊಟ್ಟಿರಲಿಲ್ಲ.

ಭಾವ ಯಾರ ಮುಖವನ್ನೂ ನೋಡಲಿಲ್ಲ. ಕೈ ಮರೆತಿಲ್ಲ ಎಂದು ಮಧ್ಯಾಹ್ನ ನನಗೆ ಕೋಟು ತೋರಿಸಿದ್ದರಲ್ಲ, ಆ ಧೈರ್ಯವೊಂದೇ ಅವರಿಗೆ ಉಳಿದಿದ್ದದ್ದು. ಅದು ಅಲ್ಲೇ ಊಟದ ಮೇಜಿನ ಮೇಲೆ, ಹೊಗಳಿಕೆಯ ಮಾತಿನಲ್ಲೇ ಹೋಯಿತು. ಆ ಮುದುಕರಿಗೆ ತಾವು ಏನು ಮಾಡಿದೆವೆಂದು ಗೊತ್ತೇ ಇರಲಿಲ್ಲ. ಇನ್ನೊಂದು ತುತ್ತು ಕತ್ತರಿಸುತ್ತಿದ್ದರು.

"ಹೌದು ಯಜಮಾನ್ರೇ" ಎಂದರು ಭಾವ ಕೊನೆಗೆ. "ನಾನೇ ಕಲಿಸಿದ್ದು. ಚೆನ್ನಾಗಿ ಕಲಿತಿದ್ದಾಳೆ. ನನಗೇ ಗುರುತು ಸಿಗದಷ್ಟು ಚೆನ್ನಾಗಿ." ದನಿ ಎಲ್ಲೂ ನಡುಗಲಿಲ್ಲ. "ಕೂತಿರಿ, ಬಿಸಿ ಬ್ರೆಡ್ ತರ್ತೀನಿ" ಎಂದು ಎದ್ದು ಒಳಗೆ ಹೋದರು.

ನನಗೇಕೋ ಕುಳಿತಿರಲಾಗಲಿಲ್ಲ. ಎದ್ದು ಹಿಂದೆಯೇ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಭಾವ ಓವನ್ನಿನ ಬಾಗಿಲು ತೆರೆದು, ಕಾದು ಸುಡುವ ಟ್ರೇಯನ್ನು ಎರಡೂ ಬರಿಗೈಯಲ್ಲಿ ಹಿಡಿದು ನಿಂತಿದ್ದರು. ಸುಮ್ಮನೆ ಹಿಡಿದುಕೊಂಡೇ ಇದ್ದರು. ಪಟ್ಟಿಯ ಬಟ್ಟೆ ಅಂಚಿನಲ್ಲಿ ಸುಟ್ಟು ಕಂದುಬಣ್ಣಕ್ಕೆ ತಿರುಗುತ್ತಿತ್ತು.

"ಭಾವಾ!"

ತಿರುಗಿ ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು. ಆ ನೀರು ಬಿಸಿಗೆ ಬಂದದ್ದಲ್ಲ.

"ಇದು ಬಿಸಿ ಇದೆಯೇನೇ?" ಎಂದು ಕೇಳಿದರು.

ತಮಾಷೆಗೆ ಕೇಳಿದ್ದಲ್ಲ. ಗೊತ್ತಿಲ್ಲದೆ ಕೇಳಿದ್ದು. ನನ್ನನ್ನು ಪಕ್ಕಕ್ಕೆ ತಳ್ಳಿ ಅಕ್ಕ ಒಳಗೆ ನುಗ್ಗಿದಳು. ಟ್ರೇಯನ್ನು ಹೊಡೆದು ನೆಲಕ್ಕೆ ಬೀಳಿಸಿದಳು, ಬ್ರೆಡ್ಡುಗಳು ಮೂಲೆಮೂಲೆಗೆ ಉರುಳಿದವು. ಅವರ ಎರಡೂ ಮುಂಗೈ ಹಿಡಿದು ಎಳೆದು ನಲ್ಲಿ ಪೂರ್ತಿ ತಿರುಗಿಸಿದಳು.

"ಅವಳನ್ನ ಯಾಕೆ ಕೇಳ್ತೀರಿ?" ಎಂದಳು. "ಬಿಸಿನೋ ಅಲ್ವೋ ಅಂತ ನನ್ನನ್ನ ಕೇಳಬೇಕಿತ್ತು. ಚಳಿಗಾಲದಿಂದ ಪಕ್ಕದಲ್ಲೇ ಇದ್ದೀನಲ್ಲ ರೀ, ಒಂದು ಸಲ ಕೇಳೋಕಾಗ್ಲಿಲ್ವಾ? ಇನ್ನು ನನ್ನನ್ನೇ ಕೇಳ್ಬೇಕು. ಗೊತ್ತಾಯ್ತಾ?"

ನೀರಿನ ಕೆಳಗೆ ನಾಲ್ಕು ಕೈ ಒಟ್ಟಿಗಿದ್ದವು. ಹೊರಗೆ ಯಜಮಾನರು "ಏನಾಯ್ತಯ್ಯಾ?" ಎಂದು ಕೂಗುತ್ತಿದ್ದರು. "ಏನಿಲ್ಲ, ಟ್ರೇ ಬಿತ್ತು" ಎಂದು ನಾನು ಕೂಗಿ ಹೇಳಿದೆ. ಭಾವ ಬಹಳ ಹೊತ್ತು ತಮ್ಮ ಕೈಗಳನ್ನೇ ನೋಡಿದರು. ಆಮೇಲೆ ಅಕ್ಕನ ಮುಖ ನೋಡಿದರು.

"ನೀರು ತಣ್ಣಗಿದೆಯಾ?" ಎಂದು ಕೇಳಿದರು.

"ತಣ್ಣಗಿದೆ ರೀ" ಎಂದಳು ಅಕ್ಕ.